ತಂದೆಯವರ ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪಶ್ಚಿಮಿ ಸ್ಟಾರ್: ತಪ್ಪು ಎಲ್ಲಿ ಸೇರಿತೆಂದು ಹುಡುಕುವುದು ಹೇಗೆ?

ವರದಾ ತೀರ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು 1967ರಲ್ಲಿ ಭೂಸೇನೆಗೆ ಡ್ರೈವರ್ ಆಗಿ ಭರ್ತಿಯಾಗಿ, 15 ವರ್ಷಗಳ ಸೇವೆ ಮುಗಿಸಿ 1982ರಲ್ಲಿ ನಾಯಕ್ ಹುದ್ದೆಯಿಂದ ಪಿಂಚಣಿಗೆ ಬಂದವರು. ಅವರಿಗೆ ಈಗ 76 ವರ್ಷ. ಕಳೆದ ಡಿಸೆಂಬರ್ 16ರಂದು, ವಿಜಯ ದಿವಸದ ನಿಮಿತ್ತ, ನಮ್ಮ ಊರಿನ ಪ್ರೌಢಶಾಲೆಯಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ತಂದೆಯವರ ಕೋಟಿನ ಮೇಲೆ ಎರಡೇ ಪದಕಗಳಿದ್ದವು: ಸಂಗ್ರಾಮ್ ಮೆಡಲ್ ಮತ್ತು ಸ್ವಾತಂತ್ರ್ಯದ 25ನೇ ವರ್ಷದ ಪದಕ. ಪಕ್ಕದಲ್ಲಿ ಕುಳಿತಿದ್ದ ಅವರದೇ ವಯಸ್ಸಿನ ಹಿರಿಯರೊಬ್ಬರು, ‘ಲಡಾಯಿ ಹೊತ್ತಿನ್ಯಾಗ ಸಾಂಬಾದ ಕಡೆ ಇದ್ದೆ ಅಂತೀರಿ, ಹಂಗಾದ್ರ ಪಶ್ಚಿಮಿ ಸ್ಟಾರ್ ಎಲ್ಲೈತಿ?’ ಎಂದು ಕೇಳಿದರು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯ ಸಮರ ವಲಯದಲ್ಲಿದ್ದವರಿಗೆ ಕೊಟ್ಟ ಪದಕ ಅದು. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ತಂದೆಯವರು ಉತ್ತರ ಕೊಡದೆ ಎದ್ದು ಹೊರಗೆ ಹೋದರು. ಮನೆಗೆ ಬಂದ ಮೇಲೆ ಕೋಟು ಮಡಚಿ ಟ್ರಂಕಿಗೆ ಹಾಕಿದವರು ಇವತ್ತಿಗೂ ಹೊರಗೆ ತೆಗೆದಿಲ್ಲ.

ಅಂದಿನಿಂದ ನಾನು ಅವರ ಕಾಗದಪತ್ರಗಳನ್ನು ನೋಡುತ್ತಿದ್ದೇನೆ. 1971ರ ಯುದ್ಧದಲ್ಲಿ ಪಾಕಿಸ್ತಾನದ ಶಕರಗಢ ವಲಯದ ಎದುರಿನ, ಜಮ್ಮುವಿನ ಸಾಂಬಾ ಭಾಗದಲ್ಲಿ ಅವರು ಎಂಜಿನಿಯರ್ ತುಕಡಿಯೊಂದಕ್ಕೆ ಲಾರಿ ಓಡಿಸಿದ್ದರು. ನೆಲಬಾಂಬುಗಳ ನಡುವೆ ದಾರಿ ಬಿಡಿಸುವವರಿಗೆ ಬೇಕಾದ ಸಾಮಾನುಗಳನ್ನು ರಾತ್ರಿ ದೀಪ ಆರಿಸಿಕೊಂಡೇ ಸಾಗಿಸುತ್ತಿದ್ದೆವು ಎಂದು ನಾನು ಚಿಕ್ಕವನಿದ್ದಾಗಿನಿಂದ ಹೇಳುತ್ತ ಬಂದಿದ್ದಾರೆ. ಆದರೆ ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಆ ಅವಧಿಗೆ ಅವರ ಮೂಲ ಯೂನಿಟ್ಟಿನ ಹೆಸರು ಮಾತ್ರ ಇದೆ, ಮತ್ತು ಆ ಯೂನಿಟ್ ಆಗ ಒಳನಾಡಿನ ಒಂದು ಠಾಣೆಯಲ್ಲಿತ್ತು. ಇದಲ್ಲದೆ ಒಂಬತ್ತು ವರ್ಷದ ದೀರ್ಘ ಸೇವಾ ಪದಕವೂ ನಮೂದಾಗಿಲ್ಲ. ಪಿಂಚಣಿಯ ಆದೇಶ ಪತ್ರವಾದ ಪಿಪಿಒದಲ್ಲಿ ನನ್ನ ತಾಯಿಯವರ ಹೆಸರಿನ ಕೊನೆಯ ‘ಅವ್ವ’ ಎಂಬುದು ‘ಬಾಯಿ’ ಆಗಿದೆ, ಅವರ ಜನ್ಮ ದಿನಾಂಕದ ಜಾಗ ಖಾಲಿ ಇದೆ.

ಇವಿಷ್ಟನ್ನೂ ಸೇರಿಸಿ ರೆಕಾರ್ಡ್ಸ್ ಆಫೀಸಿಗೆ ಎರಡು ವರ್ಷದ ಹಿಂದೆ ನನ್ನ ತಮ್ಮ ಒಂದು ಪತ್ರ ಬರೆದಿದ್ದ. ‘ದಾಖಲೆಯಲ್ಲಿರುವಂತೆ ಅರ್ಹತೆ ಕಂಡುಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂತು. ಯಾವ ದಾಖಲೆ, ಯಾವ ಅರ್ಹತೆ ಎಂಬುದು ಅದರಲ್ಲಿ ಇರಲಿಲ್ಲ. ಮುಂದೇನು ಮಾಡಬೇಕೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ. ಕಚೇರಿಯ ಹೆಸರನ್ನು ನಾನು ಬೇಕೆಂದೇ ಬರೆದಿಲ್ಲ, ನಾನು ಯಾರ ಮೇಲೂ ದೂರು ಹೇಳುವುದಿಲ್ಲ.

ನಿವೃತ್ತ ಸುಬೇದಾರ್, ಬೆಳಗಾವಿ

ನಾನು ಕ್ಲರ್ಕ್ ಟ್ರೇಡಿನವನು. 28 ವರ್ಷಗಳ ಸೇವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಇಂಥ ಕಾಗದಗಳ ನಡುವೆಯೇ ಕಳೆದಿದ್ದೇನೆ. ನಿಮ್ಮ ತಮ್ಮನವರ ಪತ್ರಕ್ಕೆ ಏಕೆ ಆ ಉತ್ತರ ಬಂತೆಂಬುದು ನಿಮ್ಮ ಬರಹದಲ್ಲೇ ಕಾಣುತ್ತದೆ. ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಪತ್ರದಲ್ಲಿ ಕೇಳಿದ್ದೀರಿ. ಅವು ಕಚೇರಿಯೊಳಗೆ ಒಂದೇ ಮೇಜಿಗೆ ಹೋಗುವುದಿಲ್ಲ. ಪತ್ರ ಯಾವ ಮೇಜಿನ ಮೇಲೆ ಇಳಿಯಿತೋ ಆ ಗುಮಾಸ್ತ ತನಗೆ ಸಂಬಂಧಪಟ್ಟ ಒಂದು ಭಾಗಕ್ಕೆ ಉತ್ತರಿಸಿ ಕಡತ ಮುಚ್ಚಿರುತ್ತಾನೆ.

ಮೊದಲು ದಾಖಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಸಿಪಾಯಿಯೊಬ್ಬನ ರಜೆ, ಬಡ್ತಿ, ವರ್ಗಾವಣೆ, ಮದುವೆ, ಮಗುವಿನ ಜನನ, ಪದಕ, ಹೀಗೆ ಅವನಿಗೆ ಸಂಬಂಧಿಸಿದ ಪ್ರತಿಯೊಂದನ್ನೂ ಅವನ ಯೂನಿಟ್ ‘ಪಾರ್ಟ್ ಟೂ ಆರ್ಡರ್’ ಎಂದು ಹೊರಡಿಸುತ್ತದೆ. ಅದರ ಪ್ರತಿ ರೆಕಾರ್ಡ್ಸ್ ಆಫೀಸಿಗೆ ಹೋಗುತ್ತದೆ. ಅಲ್ಲಿ ಅದನ್ನು ನೋಡಿ ಸಿಪಾಯಿಯ ಇಡೀ ಸೇವೆಯ ವಿವರ ಇಡುವ ಶೀಟ್ ರೋಲ್‌ನಲ್ಲಿ ಬರೆಯುತ್ತಾರೆ. ಸೇವೆ ಮುಗಿಯುವ ಹೊತ್ತಿಗೆ ಶೀಟ್ ರೋಲ್ ನೋಡಿಕೊಂಡು ಡಿಸ್ಚಾರ್ಜ್ ಬುಕ್ ಬರೆಯುತ್ತಾರೆ. ಅಂದರೆ ನಿಮ್ಮ ಕೈಯಲ್ಲಿರುವ ಪುಸ್ತಕ ಮೂರನೆಯ ನಕಲು. ಪಾರ್ಟ್ ಟೂ ಆರ್ಡರ್ ಹೊರಡಲೇ ಇಲ್ಲವೋ, ಹೊರಟದ್ದು ತಲುಪಲಿಲ್ಲವೋ, ತಲುಪಿದ್ದು ಶೀಟ್ ರೋಲ್‌ಗೆ ಏರಲಿಲ್ಲವೋ, ಅಥವಾ ಶೀಟ್ ರೋಲ್‌ನಲ್ಲಿ ಇದ್ದೂ ಡಿಸ್ಚಾರ್ಜ್ ಬುಕ್ ಬರೆಯುವಾಗ ಬಿಟ್ಟುಹೋಯಿತೋ, ಇವುಗಳಲ್ಲಿ ಯಾವುದು ಆಗಿದೆ ಎಂಬುದು ಗೊತ್ತಾಗುವವರೆಗೆ ತಿದ್ದುಪಡಿ ಕೇಳಿ ಉಪಯೋಗವಿಲ್ಲ.

ಡಿಸ್ಚಾರ್ಜ್ ಬುಕ್ ಬರೆಯುವಾಗ ಬಿಟ್ಟುಹೋಗಿದ್ದರೆ ಅದು ಒಂದು ವಾರದ ಕೆಲಸ. ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಬೇರೆ ಅನುಮಾನವಿದೆ. ಯುದ್ಧ ಮುಗಿದ ಮೇಲೆ ಪ್ರತಿ ಯೂನಿಟ್ಟಿನ ಕಮಾಂಡಿಂಗ್ ಆಫೀಸರು ಪದಕಕ್ಕೆ ಅರ್ಹರಾದವರ ನಾಮಿನಲ್ ರೋಲ್, ಅಂದರೆ ಹೆಸರುಗಳ ಪಟ್ಟಿ, ಕಳಿಸಬೇಕಿತ್ತು. ತಾತ್ಕಾಲಿಕವಾಗಿ ಬೇರೆ ಯೂನಿಟ್ಟಿಗೆ ಹೋದವನ ಕತೆ ಇಲ್ಲಿ ಸಿಕ್ಕಿಬೀಳುತ್ತದೆ. ಹೋದಲ್ಲಿಯ ಯೂನಿಟ್ ‘ಇವನು ನಮ್ಮವನಲ್ಲ, ಇವನ ಮೂಲ ಯೂನಿಟ್ ಹೆಸರು ಕಳಿಸುತ್ತದೆ’ ಎಂದುಕೊಳ್ಳುತ್ತದೆ; ಮೂಲ ಯೂನಿಟ್ ‘ನಾವು ಸಮರ ವಲಯದಲ್ಲಿ ಇರಲಿಲ್ಲ’ ಎಂದು ಯಾರ ಹೆಸರನ್ನೂ ಕಳಿಸುವುದಿಲ್ಲ. ಡ್ರೈವರುಗಳು, ಅಡುಗೆಯವರು, ನರ್ಸಿಂಗ್ ಸಹಾಯಕರು, ವೈರ್‌ಲೆಸ್ ಆಪರೇಟರುಗಳು ಈ ರೀತಿ ಬಿಟ್ಟುಹೋದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ನೀವು ಹುಡುಕಬೇಕಾದದ್ದು ಒಂದೇ: ತಂದೆಯವರನ್ನು ಬೇರೆ ಯೂನಿಟ್ಟಿಗೆ ಕಳಿಸಿದ್ದಕ್ಕೆ ಎಲ್ಲಿಯಾದರೂ ಒಂದು ಸಾಲಿನ ದಾಖಲೆ.

ಶೀಟ್ ರೋಲ್‌ನ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಅರ್ಜಿಯಲ್ಲಿ ತಂದೆಯವರದೇ ಸಹಿ ಇರಲಿ, ಏಕೆಂದರೆ ತನ್ನ ಸ್ವಂತ ದಾಖಲೆಯನ್ನು ಕೇಳುವವನಿಗೆ ಖಾಸಗಿ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸಲು ಬರುವುದಿಲ್ಲ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಸಾಕು. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮೊದಲ ಮೇಲ್ಮನವಿ ಹಾಕಿ. ‘ನನಗೆ ಪದಕ ಏಕೆ ಕೊಡಲಿಲ್ಲ’ ಎಂದು ಪ್ರಶ್ನೆ ಕೇಳಬೇಡಿ. 1971ರ ನವೆಂಬರಿನಿಂದ 1972ರ ಮಾರ್ಚಿನವರೆಗಿನ ಶೀಟ್ ರೋಲ್ ಪುಟಗಳ ಪ್ರತಿ ಮತ್ತು ಆ ಅವಧಿಯ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ ಎಂದು ಸ್ಪಷ್ಟವಾಗಿ ಬರೆಯಿರಿ.

ಒಂಬತ್ತು ವರ್ಷದ ಪದಕಕ್ಕೆ ಪ್ರತ್ಯೇಕ ಅರ್ಜಿ ಹಾಕಿ. ಭರ್ತಿಯ ದಿನಾಂಕ ಮತ್ತು ಬಿಡುಗಡೆಯ ದಿನಾಂಕ ಅದೇ ಡಿಸ್ಚಾರ್ಜ್ ಬುಕ್ಕಿನಲ್ಲಿವೆ, ಅದಕ್ಕೆ ಬೇರೆ ಸಾಕ್ಷಿ ಬೇಡ. ಸುಲಭದ್ದನ್ನು ಕಷ್ಟದ್ದರ ಜೊತೆ ಕಟ್ಟಿದರೆ ಎರಡೂ ನಿಂತುಬಿಡುತ್ತವೆ. ತಾಯಿಯವರ ಹೆಸರಿನ ಕೆಲಸ ಪಿಂಚಣಿಗೆ ಸಂಬಂಧಿಸಿದ್ದು, ಅದು ಮೂರನೆಯ ಅರ್ಜಿ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಮೂರರಲ್ಲಿ ಅತ್ಯಂತ ತುರ್ತಾದದ್ದು ಅದೇ.

ಕೊಡಗಿನ ಸೊಸೆ, ವಿರಾಜಪೇಟೆ ಕಡೆ

ಸುಬೇದಾರ್ ಸಾಹೇಬರು ಕೊನೆಗೆ ಹೇಳಿದ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನನ್ನ ಮಾವನವರು ಸೇನೆಗೆ ಸೇರಿದಾಗ ಹೆಂಡತಿಯ ಹೆಸರು ಕೇಳಿದವರಿಗೆ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದ್ದರು. ಅದೇ ಹೆಸರು ಪಿಪಿಒವರೆಗೂ ಬಂದಿತ್ತು. ಅವರಿದ್ದಾಗ ಯಾರಿಗೂ ಅದು ತೊಂದರೆಯೆನಿಸಲಿಲ್ಲ. ಅವರು ತೀರಿಕೊಂಡ ಮೇಲೆ ಬ್ಯಾಂಕಿನವರು, ಆಧಾರ್‌ನಲ್ಲಿರುವ ಹೆಂಗಸು ಪಿಪಿಒದಲ್ಲಿರುವ ಹೆಂಗಸೇ ಎಂಬುದಕ್ಕೆ ಪುರಾವೆ ಕೊಡಿ ಎಂದರು. 50 ವರ್ಷ ಸಂಸಾರ ಮಾಡಿದ ಅತ್ತೆಯವರು, ಗಂಡನ ತಿಥಿಯ ಕೆಲಸಗಳು ಮುಗಿಯುವ ಮೊದಲೇ, ತಾನು ಅವರ ಹೆಂಡತಿಯೆಂದು ಪ್ರಮಾಣ ಮಾಡಬೇಕಾಯಿತು. ಕುಟುಂಬ ಪಿಂಚಣಿ ಶುರುವಾಗಲು 14 ತಿಂಗಳು ಹಿಡಿಯಿತು.

ನಾವು ಕೊಟ್ಟ ಕಾಗದಗಳು ಇವು: ಎರಡೂ ಹೆಸರುಗಳು ಒಬ್ಬರದೇ ಎಂಬ ತಹಶೀಲ್ದಾರರ ದೃಢೀಕರಣ, ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಆಧಾರ್, ಪ್ಯಾನ್, ಮಾವ ಅತ್ತೆ ಒಟ್ಟಿಗಿರುವ ಹಳೆಯ ಭಾವಚಿತ್ರ, ಕ್ಯಾಂಟೀನ್ ಕಾರ್ಡಿನ ಪ್ರತಿ. ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲೂ ಹೇಳಿದರು. ಎಲ್ಲವೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ ಹೋಗಿ ತಿದ್ದುಪಡಿ ಪಿಪಿಒ ಬಂತು.

ಜನ್ಮ ದಿನಾಂಕದ ಖಾಲಿ ಜಾಗವನ್ನಂತೂ ಖಂಡಿತ ಹಾಗೆ ಬಿಡಬೇಡಿ. 80 ತುಂಬಿದ ಮೇಲೆ ಪಿಂಚಣಿಯ ಮೇಲೆ ಶೇ. 20 ಹೆಚ್ಚುವರಿ ಸಿಗುತ್ತದೆ, 85ಕ್ಕೆ ಶೇ. 30, 90ಕ್ಕೆ ಶೇ. 40, ಕುಟುಂಬ ಪಿಂಚಣಿಗೂ ಇದೇ ಲೆಕ್ಕ. ಜನ್ಮ ದಿನಾಂಕವೇ ಇಲ್ಲದಿದ್ದರೆ 80 ಯಾವಾಗ ತುಂಬಿತೆಂದು ಯಾವ ಕಂಪ್ಯೂಟರೂ ಹೇಳುವುದಿಲ್ಲ. ನಮ್ಮ ಅತ್ತೆಯವರಿಗೆ ಎರಡು ವರ್ಷದ ಹೆಚ್ಚುವರಿ ಮೊತ್ತ ತಡವಾಗಿ ಸಿಕ್ಕಿತು. ತಂದೆಯವರು ಇರುವಾಗಲೇ, ಅವರ ಸಹಿಯಲ್ಲೇ, ಈ ಕೆಲಸ ಮುಗಿಸಿ. ಪತಿ ಹಾಕುವ ಒಂದು ಸಹಿಯಿಂದ ಆಗುವುದಕ್ಕೆ ವಿಧವೆಗೆ ಹತ್ತು ಕಾಗದ ಬೇಕಾಗುತ್ತದೆ.

ಮೊಮ್ಮಗ, ವಿಜಯಪುರ

ಒಂದು ಪ್ರಾಮಾಣಿಕ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಶೌರ್ಯ ಪ್ರಶಸ್ತಿಗಳಿಗಿರುವಂತೆ ಪಶ್ಚಿಮಿ ಸ್ಟಾರ್‌ಗೆ ಮಾಸಿಕ ಭತ್ಯೆಯಿಲ್ಲ. ಪಿಂಚಣಿಯಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಇಳಿವಯಸ್ಸಿನವರನ್ನು ಕಚೇರಿಗಳಿಗೆ ಅಲೆಸುವ ಬದಲು ತಾಯಿಯವರ ಹೆಸರನ್ನಷ್ಟೇ ಸರಿಪಡಿಸಿದರೆ ಸಾಲದೆ? ಪದಕಗಳ ಅಂಗಡಿಗಳಲ್ಲಿ ಎಲ್ಲ ಪದಕಗಳೂ ಸಿಗುತ್ತವೆ, ತಂದೆಯವರಿಗೆ ಒಂದನ್ನು ತಂದು ಕೊಟ್ಟರೆ ಅವರ ಮನಸ್ಸಿಗೆ ಸಮಾಧಾನವಾಗಬಹುದು.

ನನ್ನ ಅಜ್ಜನವರದು ಇನ್ನೂ ಕಷ್ಟದ ಕತೆ. 1962ರ ಯುದ್ಧದ ಹೊತ್ತಿಗೆ ಭರ್ತಿಯಾಗಿ ಎಂಟು ವರ್ಷಕ್ಕೆ, ಪಿಂಚಣಿಯಿಲ್ಲದೆ, ಹಿಂದಿರುಗಿದವರು. ಅವರ ಕಾಗದಪತ್ರಗಳ ಸಂರಕ್ಷಣಾ ಅವಧಿ ಮುಗಿದದ್ದರಿಂದ ನಾಶಪಡಿಸಲಾಗಿದೆ ಎಂಬ ಉತ್ತರ ಬಂದಿದೆ.

ನಿವೃತ್ತ ಸುಬೇದಾರ್, ಬೆಳಗಾವಿ

ಅಂಗಡಿಯಿಂದ ತಂದು ಎದೆಗೆ ಸಿಕ್ಕಿಸುವ ಮಾತು ಬೇಡ, ತಮ್ಮಾ. ತನ್ನ ಮೂಲ ಪದಕವನ್ನು ಜೋಪಾನವಾಗಿಟ್ಟು ಸಮಾರಂಭಕ್ಕೆ ಅದರ ನಕಲು ಧರಿಸುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ದಾಖಲೆಯಲ್ಲಿ ಇಲ್ಲದ ಪದಕವನ್ನು ಧರಿಸಿದರೆ ನಿಜವಾಗಿ ಗಳಿಸಿದವನೂ ಸುಳ್ಳುಗಾರನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಹಾವೇರಿಯವರ ತಂದೆಯವರು ಅಂದು ಎದ್ದು ಹೊರಗೆ ಹೋದದ್ದು ಏಕೆಂದು ನನಗೆ ಅರ್ಥವಾಗುತ್ತದೆ. ಯುದ್ಧದಲ್ಲಿ ನಾನು ಅಲ್ಲಿದ್ದೆ ಎನ್ನುವ ಮಾತಿಗೆ ಆಧಾರವಿಲ್ಲದಂತಾಗುವುದು ಸೈನಿಕನಿಗೆ ಸಣ್ಣ ನೋವಲ್ಲ.

ನಿಮ್ಮ ಅಜ್ಜನವರ ವಿಷಯ. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ದಾಖಲೆಗಳನ್ನು 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ ನಿಜ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ದಾಖಲೆಪುಸ್ತಕವನ್ನು ನಾಶಪಡಿಸುವುದಿಲ್ಲ. ನಂಬರು, ಹೆಸರು, ಭರ್ತಿಯಾದ ದಿನ, ಬಿಡುಗಡೆಯಾದ ದಿನ, ಬಿಡುಗಡೆಯ ಕಾರಣ, ಇಂಥ ಮುಖ್ಯ ವಿವರಗಳು ಅದರಲ್ಲಿ ಉಳಿಯುತ್ತವೆ. ‘ಶೀಟ್ ರೋಲ್ ಕೊಡಿ’ ಎಂದು ಕೇಳಿದ್ದೀರಿ, ಅದು ಇಲ್ಲವೆಂದು ಅವರು ಉತ್ತರಿಸಿದ್ದಾರೆ. ಈಗ ‘ಲಾಂಗ್ ರೋಲ್‌ನ ಸಂಬಂಧಪಟ್ಟ ಸಾಲಿನ ಪ್ರತಿ ಕೊಡಿ’ ಎಂದು ಕೇಳಿ.

ನಂಬರು ಬರೆಯುವಾಗ ಕೊನೆಯ ಇಂಗ್ಲಿಷ್ ಅಕ್ಷರವನ್ನು ಬಿಡಬೇಡಿ. ಬಹಳ ಮಂದಿ ಅದನ್ನು ಬಿಟ್ಟೇ ಬರೆಯುತ್ತಾರೆ. ಅದು ಮುಂದಿನ ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆಯ ಅಕ್ಷರ. ಒಂದು ಅಂಕಿ ತಪ್ಪಿದರೂ ಅಕ್ಷರ ಹೊಂದುವುದಿಲ್ಲ, ಹಾಗಾಗಿ ತಪ್ಪಾದ ನಂಬರಿನ ಅರ್ಜಿ ಎಂಬುದು ಅಲ್ಲಿಯವರಿಗೆ ತಕ್ಷಣ ತಿಳಿಯುತ್ತದೆ.

ವರದಾ ತೀರ, ಹಾವೇರಿ ಜಿಲ್ಲೆ

ವಿಜಯಪುರದ ಸಹೋದರರ ಪ್ರಶ್ನೆಯಿಂದ ನನಗೆ ಬೇಸರವಾಗಿಲ್ಲ. ನಾನೂ ಮೊದಲು ಹಾಗೆಯೇ ಯೋಚಿಸಿದ್ದೆ, ತಂದೆಯವರ ಬಳಿ ಹೇಳಿಯೂ ಇದ್ದೆ. ಅವರು ಹೇಳಿದ್ದು ಇಷ್ಟೇ: ‘ನನ್ನ ಗಾಡಿ ಮುಂದ ಹೊಂಟಿದ್ದ ಗಾಡಿ ಹಾರಿಹೋತು. ಅದರಾಗಿದ್ದ ಹುಡುಗ ನಮ್ಮ ಕಡೆಯಾಂವ. ನಾ ಅಲ್ಲಿ ಇರಲಿಲ್ಲ ಅಂತ ಕಾಗದ ಹೇಳಿದ್ರ, ಅವನ್ನ ನೋಡಿದಾಂವ ಯಾರು?’ ಅದಾದ ಮೇಲೆ ನಾನು ಹಣದ ಮಾತು ಎತ್ತಿಲ್ಲ.

ಸುಬೇದಾರ್ ಸಾಹೇಬರೇ, ನೀವು ಹೇಳಿದಂತೆ ಒಂದು ಸಾಲಿನ ದಾಖಲೆಯನ್ನು ಹುಡುಕಲು ಟ್ರಂಕನ್ನು ಪೂರ್ತಿ ಖಾಲಿ ಮಾಡಿದೆ. ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಅಡಿಯಲ್ಲಿ, ಅಜ್ಜಿಯವರು ಕಟ್ಟಿಟ್ಟಿದ್ದ ಕಾಗದಗಳ ಒಂದು ಕಟ್ಟು ಸಿಕ್ಕಿತು. ಅದರಲ್ಲಿ ತಂದೆಯವರು ಬರೆದ ಏಳು ಇನ್‌ಲ್ಯಾಂಡ್ ಪತ್ರಗಳಿವೆ. ಒಂದಕ್ಕೆ ಡಿಸೆಂಬರ್ 1971ರ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯಿದೆ, ದಿನಾಂಕದ ಅರ್ಧ ಭಾಗ ಅಳಿಸಿದೆ, ತಿಂಗಳು ಮತ್ತು ವರ್ಷ ಸ್ಪಷ್ಟವಾಗಿವೆ. ‘ನಾನು ಕ್ಷೇಮ, ಹೊಲದ ಜೋಳ ಹೇಗೈತಿ ಬರೆಯಿರಿ, ಇಲ್ಲಿ ಥಂಡಿ ಬಹಳ’ ಎಂಬುದು ಬಿಟ್ಟರೆ ಒಳಗೆ ಹೆಚ್ಚೇನೂ ಇಲ್ಲ. ಆದರೆ ಹಿಂಬದಿಯಲ್ಲಿ ಕಳಿಸಿದವರ ವಿಳಾಸವಿದೆ. ಉಳಿದ ಆರರಲ್ಲಿ ಅವರ ಮೂಲ ಯೂನಿಟ್ಟಿನ ಹೆಸರಿದೆ. ಈ ಒಂದರಲ್ಲಿ ಮಾತ್ರ ಎಂಜಿನಿಯರ್ ಯೂನಿಟ್ಟಿನ ಹೆಸರು ಮತ್ತು ‘ಕೇರ್ ಆಫ್ 56 ಎಪಿಒ’ (ಸೇನಾ ಅಂಚೆ ಕಚೇರಿ) ಎಂದಿದೆ. ಇದು ಸಾಕ್ಷಿಯಾಗುತ್ತದೆಯೆ?

ನಿವೃತ್ತ ಸುಬೇದಾರ್, ಬೆಳಗಾವಿ

ಆ ಪತ್ರವನ್ನು ಯಾರ ಕೈಗೂ ಕೊಡಬೇಡಿ, ಅಂಚೆಯಲ್ಲೂ ಕಳಿಸಬೇಡಿ. ಎರಡೂ ಬದಿಯ ಬಣ್ಣದ ಪ್ರತಿ ಮಾಡಿಸಿ, ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಅದನ್ನು ಮಾತ್ರ ಕಳಿಸಿ. ಮಡಿಕೆಗಳಲ್ಲಿ ಹರಿಯದಂತೆ ಬಿಡಿಸಿ ದಪ್ಪ ಪುಸ್ತಕದ ನಡುವೆ ಇಡಿ.

56 ಎಪಿಒ ಎಂಬುದರಿಂದ ಜಾಗ ಗೊತ್ತಾಗುವುದಿಲ್ಲ, ಅದು ಇರುವುದೇ ಜಾಗವನ್ನು ಮರೆಮಾಡಲು. ಪೂರ್ವದ ಕಡೆಯವರಿಗೆ 99 ಎಪಿಒ ಇತ್ತು, ಆದ್ದರಿಂದ ಪಶ್ಚಿಮದ ಕಡೆ ಇದ್ದರು ಎಂಬುದಕ್ಕೆ ಅದು ಸ್ವಲ್ಪ ಬಲ ಕೊಡುತ್ತದೆ, ಅಷ್ಟೇ. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಎಂಜಿನಿಯರ್ ಯೂನಿಟ್ಟಿನ ಹೆಸರು. ಇದುವರೆಗೆ ನೀವು ‘ತಂದೆಯವರು ಬೇರೆಲ್ಲೋ ಇದ್ದರು’ ಎನ್ನುತ್ತಿದ್ದಿರಿ, ಈಗ ‘ಇಂಥ ಯೂನಿಟ್ಟಿನಲ್ಲಿ ಇದ್ದರು’ ಎಂದು ಹೇಳಬಹುದು. ಎಂಜಿನಿಯರ್ ಯೂನಿಟ್ಟಿನವರ ರೆಕಾರ್ಡ್ಸ್ ಆಫೀಸು ನಿಮ್ಮ ತಂದೆಯವರ ರೆಕಾರ್ಡ್ಸ್ ಆಫೀಸಲ್ಲ. ಆದ್ದರಿಂದ ಎರಡನೆಯ ಮಾಹಿತಿ ಹಕ್ಕು ಅರ್ಜಿಯನ್ನು ಅಲ್ಲಿಗೆ ಹಾಕಿ, 1971ರ ಡಿಸೆಂಬರಿನಲ್ಲಿ ಆ ಯೂನಿಟ್ಟಿಗೆ ಬಂದು ಸೇರಿದ ಬೇರೆ ಯೂನಿಟ್ಟಿನವರ ಬಗ್ಗೆ ಹೊರಡಿಸಿದ ಪಾರ್ಟ್ ಟೂ ಆರ್ಡರ್ ಕೇಳಿ.

ನೀವು ಹೇಳಿದ ವಲಯ ಮತ್ತು ಕೆಲಸ ಇತಿಹಾಸಕ್ಕೆ ಸರಿಯಾಗಿ ಹೊಂದುತ್ತವೆ ಎಂಬುದನ್ನೂ ಬರೆಯುತ್ತೇನೆ. ಬಸಂತರ್ ನದಿಯ ಕದನದಲ್ಲಿ ಡಿಸೆಂಬರ್ 15ರ ರಾತ್ರಿಯಿಂದ ಎಂಜಿನಿಯರುಗಳು ನೆಲಬಾಂಬಿನ ಬಯಲಿನಲ್ಲಿ ದಾರಿ ಬಿಡಿಸುತ್ತಿದ್ದಾಗ, ಪೂರ್ತಿ ಬಿಡಿಸುವ ಮೊದಲೇ ಟ್ಯಾಂಕುಗಳು ಒಳನುಗ್ಗಬೇಕಾಗಿ ಬಂತು. 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅಲ್ಲಿಯೇ ವೀರಮರಣ ಹೊಂದಿ ಪರಮವೀರ ಚಕ್ರ ಪಡೆದರು. ಪಶ್ಚಿಮ ಗಡಿಯಲ್ಲಿ ಕದನವಿರಾಮವಾದದ್ದು 17ರ ರಾತ್ರಿ 8 ಗಂಟೆಗೆ. ಆ ದಾರಿ ಬಿಡಿಸಿದವರಿಗೆ ಸಾಮಾನು ಮುಟ್ಟಿಸಿದ ಲಾರಿಗಳಿಗೂ ಡ್ರೈವರುಗಳಿದ್ದರು, ಆದರೆ ಅವರ ಹೆಸರುಗಳನ್ನು ಯಾವ ಪುಸ್ತಕವೂ ಬರೆದಿಲ್ಲ. ಅವರಿಗಿರುವುದು ಪಾರ್ಟ್ ಟೂ ಆರ್ಡರ್ ಒಂದೇ.

ಮಾಜಿ ವಾಯುಸೈನಿಕ, ಮೈಸೂರು

ವಾಯುಪಡೆಯವರಾಗಿದ್ದರೆ ದೆಹಲಿಯ ಸುಬ್ರೋತೊ ಪಾರ್ಕ್‌ನಲ್ಲಿರುವ ದಾಖಲೆ ಕಚೇರಿಗೆ ಬರೆಯಬೇಕು, ನೌಕಾಪಡೆಯ ನಾವಿಕರದು ಮುಂಬೈ. ನಾನು ಬರೆಯಲು ಬಂದದ್ದು ಜನ್ಮ ದಿನಾಂಕದ ವಿಷಯಕ್ಕೆ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟರು ತಾವೇ ಊಹಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಭರ್ತಿಯ ದಿನ ಶಾಲೆಯ ಪ್ರಮಾಣಪತ್ರದಲ್ಲಿ ಇದ್ದದ್ದೇ ಸೇವಾ ದಾಖಲೆಯಲ್ಲಿ ಕುಳಿತಿತು. ಆಮೇಲೆ ಆಧಾರ್ ಮಾಡಿಸುವಾಗ ಕೆಲವರು ತಾಯಿ ಹೇಳಿದ ನಿಜವಾದ ದಿನಾಂಕ ಕೊಟ್ಟರು. ಈಗ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಎರಡೂ ತಾಳೆಯಾಗುವುದಿಲ್ಲ, ಜೀವನ ಪ್ರಮಾಣ ಪತ್ರ ಸ್ವೀಕಾರವಾಗುವುದಿಲ್ಲ.

ಪಿಂಚಣಿದಾರರ ಸ್ವಂತ ಜನ್ಮ ದಿನಾಂಕವನ್ನು ನಿವೃತ್ತಿಯ ನಂತರ ಸೇವಾ ದಾಖಲೆಯಲ್ಲಿ ಬದಲಿಸಲು ಹೋರಾಡಬೇಡಿ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಜನ್ಮವರ್ಷ ಸೇನೆಯ ಒಂದು ಶಾಖೆಯಲ್ಲಿ 1950, ಇನ್ನೊಂದು ಶಾಖೆಯಲ್ಲಿ 1951 ಎಂದಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2012ರ ಫೆಬ್ರುವರಿಯಲ್ಲಿ ಅವರು ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಸೇವಾ ದಾಖಲೆಯಲ್ಲಿ ಇರುವಂತೆ ಆಧಾರನ್ನು ಸರಿಪಡಿಸಿಕೊಳ್ಳುವುದೇ ಹತ್ತಿರದ ದಾರಿ. ಆಧಾರ್‌ನಲ್ಲಿ ಜನ್ಮ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ, ಆದ್ದರಿಂದ ಪಿಪಿಒ ಎದುರಿಗಿಟ್ಟುಕೊಂಡು ಎಚ್ಚರಿಕೆಯಿಂದ ಮಾಡಿಸಿ.

ವಕೀಲರು, ಧಾರವಾಡ

ಕಾನೂನಿನ ಮಾತು ಸ್ವಲ್ಪ. ನಾನು ಇದನ್ನು ಕೊನೆಯ ದಾರಿಯೆಂದೇ ಹೇಳುತ್ತೇನೆ. 2007ರ ಕಾಯ್ದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ನಿವೃತ್ತರೂ ಹೋಗಬಹುದು, ಅವರ ಉತ್ತರಾಧಿಕಾರಿಗಳೂ ಹೋಗಬಹುದು. ಆದರೆ ಅದಕ್ಕೆ ಮೊದಲು ಇಲಾಖೆಯೊಳಗೆ ಇರುವ ಮನವಿಯ ದಾರಿಗಳನ್ನು ಬಳಸಿರಬೇಕು. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮನವಿ ಸಲ್ಲಿಸಿ ಆರು ತಿಂಗಳಾದರೂ ಉತ್ತರವೇ ಇಲ್ಲದಿದ್ದರೆ, ಅಲ್ಲಿಂದ ಮುಂದೆ ಆರು ತಿಂಗಳ ಅವಕಾಶವಿದೆ. ತಡವಾದದ್ದಕ್ಕೆ ಸಕಾರಣ ತೋರಿಸಿದರೆ ಮನ್ನಿಸುವ ಅಧಿಕಾರ ನ್ಯಾಯಮಂಡಳಿಗಿದೆ.

ಎರಡು ವರ್ಷದ ಹಿಂದೆ ಬಂದ ಆ ಒಂದು ಸಾಲಿನ ಉತ್ತರ ನಿಮಗೆ ತೊಡಕಾಗಬಹುದು. ಆದ್ದರಿಂದ ಈಗಿನ ಅರ್ಜಿಯನ್ನು ಹಳೆಯದರ ಮುಂದುವರಿಕೆ ಎಂದು ಬರೆಯದೆ, ‘ಹೊಸದಾಗಿ ದೊರೆತ ದಾಖಲೆಯ ಆಧಾರದ ಮೇಲೆ’ ಎಂದು ಆರಂಭಿಸಿ. ತಂದೆಯವರ ಹೇಳಿಕೆಯನ್ನೂ ಅಫಿಡವಿಟ್ ರೂಪದಲ್ಲಿ ಮಾಡಿಸಿ: ಯಾವ ದಿನ ಹೊರಟರು, ಯಾರ ಆದೇಶದಂತೆ, ಗಾಡಿಗಳು ಎಷ್ಟಿದ್ದವು, ಎಲ್ಲಿ ತಂಗಿದ್ದರು. ಖಚಿತವಾಗಿ ನೆನಪಿರುವುದನ್ನಷ್ಟೇ ಬರೆಸಿ. 50 ವರ್ಷಗಳ ನಂತರ ಎಲ್ಲವೂ ನೆನಪಿದೆ ಎನ್ನುವ ಹೇಳಿಕೆಯನ್ನು ಯಾರೂ ನಂಬುವುದಿಲ್ಲ. ಆ ಯೂನಿಟ್ಟಿನಲ್ಲಿದ್ದ ಇನ್ನೊಬ್ಬರು ಯಾರಾದರೂ ಬದುಕಿದ್ದರೆ ಅವರಿಂದಲೂ ಒಂದು ಹೇಳಿಕೆ ಪಡೆಯಿರಿ.

ವರದಾ ತೀರ, ಹಾವೇರಿ ಜಿಲ್ಲೆ

ಐದು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆ ಇರಲಿ.

ತಾಯಿಯವರ ಹೆಸರಿನ ತಿದ್ದುಪಡಿ ಪಿಪಿಒ ಬಂದಿದೆ, ‘ಬಾಯಿ’ ಹೋಗಿ ‘ಅವ್ವ’ ಬಂದಿದೆ, ಜನ್ಮ ದಿನಾಂಕವೂ ಸೇರಿದೆ. ಕೊಡಗಿನ ಅಕ್ಕನವರಿಗೆ ವಿಶೇಷ ಕೃತಜ್ಞತೆ. ನೀವು ಬರೆದ ಕಾಗದಗಳ ಪಟ್ಟಿಯನ್ನೇ ಹಿಡಿದುಕೊಂಡು ಹೋಗಿದ್ದೆ. ಒಂಬತ್ತು ವರ್ಷದ ಪದಕಕ್ಕೆ ಅರ್ಹತೆ ಇದೆಯೆಂದು ಒಪ್ಪಿ ದಾಖಲೆಯಲ್ಲಿ ಸೇರಿಸಿದ್ದಾರೆ, ಪದಕ ಬರಲು ಸಮಯ ಹಿಡಿಯುತ್ತದೆ ಎಂದಿದ್ದಾರೆ.

ಪಶ್ಚಿಮಿ ಸ್ಟಾರ್ ಇನ್ನೂ ನಿರ್ಧಾರವಾಗಿಲ್ಲ. ತಂದೆಯವರ ಶೀಟ್ ರೋಲ್‌ನಲ್ಲಿ ಆ ಐದು ತಿಂಗಳಿಗೆ ಏನೂ ಇಲ್ಲ. ಆದರೆ ಎರಡನೆಯ ಅರ್ಜಿಗೆ ಉತ್ತರವಾಗಿ, ಎಂಜಿನಿಯರ್ ಯೂನಿಟ್ಟಿನ ಒಂದು ಹಳೆಯ ಪಾರ್ಟ್ ಟೂ ಆರ್ಡರ್‌ನ ಮಸುಕಾದ ಪ್ರತಿ ಬಂದಿದೆ. ಸೈಕ್ಲೋಸ್ಟೈಲ್ ಮಾಡಿದ ಹಾಳೆ, ಅಂಚಿನಲ್ಲಿ ಗೆದ್ದಲು ತಿಂದ ಗುರುತು ಪ್ರತಿಯಲ್ಲೂ ಕಾಣುತ್ತದೆ. ಬೇರೆ ಯೂನಿಟ್ಟಿನಿಂದ ಬಂದು ಸೇರಿದ ಹನ್ನೊಂದು ಡ್ರೈವರುಗಳ ನಂಬರು ಮತ್ತು ಹೆಸರುಗಳಿವೆ. ಏಳನೆಯದು ತಂದೆಯವರದು. ಹೆಸರಿನ ಕಾಗುಣಿತ ತಪ್ಪಿದೆ, ಆದರೆ ನಂಬರು ಕೊನೆಯ ಅಕ್ಷರದವರೆಗೆ ಸರಿಯಾಗಿದೆ. ಸೇರಿದ ದಿನಾಂಕ 2 ಡಿಸೆಂಬರ್ 1971 ಎಂದಿದೆ.

ಹಾಳೆಯನ್ನು ತಂದೆಯವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಮೊದಲನೆಯದರಿಂದ ಹನ್ನೊಂದರವರೆಗೆ ಒಂದೊಂದೇ ಹೆಸರನ್ನು ಓದಿದರು. ನಾಲ್ಕನೆಯ ಹೆಸರಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಆ ಹೆಸರು ಯಾರದೆಂದು ನಾನು ಕೇಳಲಿಲ್ಲ. ಆಮೇಲೆ ತಲೆಯೆತ್ತಿ, ‘ತಾರೀಖು ತಪ್ಪ ಬರದಾರ. ನಾವು ಒಂದನೇ ತಾರೀಖ ರಾತ್ರಿನ ಮುಟ್ಟಿದ್ವಿ’ ಎಂದರು.

ಸುಬೇದಾರ್ ಸಾಹೇಬರೇ, ಅಫಿಡವಿಟ್ಟಿನಲ್ಲಿ ಒಂದನೇ ತಾರೀಖೆಂದೇ ಬರೆಸಬೇಕೆಂದು ಅವರು ಹಟ ಹಿಡಿದಿದ್ದಾರೆ. ಹಾಗೆ ಮಾಡಿದರೆ ಈ ದಾಖಲೆಗೆ ವಿರುದ್ಧವಾಗುವುದಿಲ್ಲವೆ?

ನಿವೃತ್ತ ಸುಬೇದಾರ್, ಬೆಳಗಾವಿ

ಆಗುವುದಿಲ್ಲ. ರಾತ್ರಿ ಮುಟ್ಟಿದವರನ್ನು ಮರುದಿನ ಬೆಳಿಗ್ಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿ ನಿತ್ಯದ ಪದ್ಧತಿ. ಅವರು ಹೇಳಿದಂತೆಯೇ ಬರೆಸಿ: ‘1 ಡಿಸೆಂಬರ್ 1971ರ ರಾತ್ರಿ ತಲುಪಿದೆನು, 2ರಂದು ಯೂನಿಟ್ಟಿನ ಬಲಕ್ಕೆ ಸೇರಿಸಿಕೊಳ್ಳಲಾಯಿತು.’ ಯುದ್ಧ ಶುರುವಾದದ್ದು 3ರ ಸಂಜೆ, ಆದ್ದರಿಂದ ಅರ್ಹತೆಗೆ ಯಾವ ತಾರೀಖಾದರೂ ಧಕ್ಕೆಯಿಲ್ಲ.

ಪಾರ್ಟ್ ಟೂ ಆರ್ಡರ್‌ನ ಪ್ರತಿ, ಅದು ಬಂದ ಕಚೇರಿಯ ಹೊದಿಕೆ ಪತ್ರ, ಇನ್‌ಲ್ಯಾಂಡ್ ಪತ್ರದ ದೃಢೀಕೃತ ಪ್ರತಿ, ಅಫಿಡವಿಟ್, ಎಲ್ಲವನ್ನೂ ತಂದೆಯವರ ರೆಕಾರ್ಡ್ಸ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಹೆಸರಿನ ಕಾಗುಣಿತದ ವ್ಯತ್ಯಾಸವನ್ನು ಅರ್ಜಿಯ ಮೊದಲ ಪುಟದಲ್ಲೇ ನೀವಾಗಿಯೇ ಹೇಳಿಬಿಡಿ, ನಂಬರು ತಾಳೆಯಾಗುತ್ತದೆ ಎಂಬುದನ್ನೂ ಅಲ್ಲೇ ತೋರಿಸಿ.

ಇನ್ನೊಂದು ಮಾತು. ಆ ಹಾಳೆಯಲ್ಲಿ ಇನ್ನೂ ಹತ್ತು ಹೆಸರುಗಳಿವೆ. ಅವರಲ್ಲಿ ಬದುಕಿರುವವರು, ಅಥವಾ ಅವರ ಮನೆಯವರು, ಇದೇ ಸಾಲಿಗಾಗಿ ಹುಡುಕುತ್ತಿರಬಹುದು. ಹೆಸರುಗಳನ್ನು ಇಲ್ಲಿ ಹಾಕುವುದು ಬೇಡ. ಪ್ರತಿಯನ್ನು ಜೋಪಾನವಾಗಿಡಿ, ನಂಬರು ಹೇಳಿ ಕೇಳುವವರು ಬಂದರೆ ತಾಳೆ ನೋಡಿ ಕೊಡಿ.